ಮುಂಭಾಗದ ಹಲ್ಲಿನ ಭರ್ತಿ: ಯಾರ ಬಳಿ ಹೋಗಬೇಕು?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ಸಭೆಯಲ್ಲಿ ಹಲ್ಲಿನ ಮಾತೇಕೆ ಎಂದು ನಿಮಗೆ ಅನಿಸಬಹುದು. ನಾನು ವೈದ್ಯ ವೃತ್ತಿಯವಳಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣ ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ತರಗತಿಯಲ್ಲಿ ಕುರುಗೋಡು ಕಡೆಯಿಂದ ಬಂದ ಒಬ್ಬ ಹುಡುಗಿ ಇದ್ದಳು. ಎಂಟನೆಯ ತರಗತಿ. ಬರೆಯುವುದು ಚೆನ್ನಾಗಿತ್ತು. ಆದರೆ ಎದ್ದು ನಿಂತು ಓದು ಎಂದರೆ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ಗೊಣಗುತ್ತಿದ್ದಳು. "ಫಸಲ್" ಎಂಬ ಪದ ಬಂದರೆ ಗಾಳಿ ಮಾತ್ರ ಕೇಳಿಸುತ್ತಿತ್ತು. ಮನೆಯಲ್ಲಿ ಓದುವುದಿಲ್ಲ, ಸೋಮಾರಿತನ ಎಂದು ಭಾವಿಸಿ ಎರಡು ಮೂರು ಬಾರಿ ಎಲ್ಲರ ಮುಂದೆ ಗದರಿಸಿದೆ. ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವಳು ನಕ್ಕಾಗ ನೋಡಿದೆ. ಮೇಲಿನ ಮುಂಭಾಗದ ಒಂದು ಹಲ್ಲು ಅರ್ಧ ಮುರಿದಿತ್ತು. ಉಳಿದ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ನಾನು ನೋಡುತ್ತಿರುವುದು ಗೊತ್ತಾದ ಕೂಡಲೇ ಬಾಯಿ ಮುಚ್ಚಿಕೊಂಡಳು.

ಉರ್ದುವಿನ "ಫೆ" ಅಕ್ಷರವನ್ನು ಉಚ್ಚರಿಸಬೇಕಾದರೆ ಮೇಲಿನ ಮುಂಭಾಗದ ಹಲ್ಲು ಕೆಳತುಟಿಗೆ ತಾಗಬೇಕು. "ಸೀನ್" ಸ್ಪಷ್ಟವಾಗಬೇಕಾದರೂ ಆ ಹಲ್ಲುಗಳು ಬೇಕು. ಬಿ.ಎಡ್.ನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಬಂದವಳು ನಾನು. ಎದುರಿಗಿದ್ದ ಮಗುವಿನ ಬಾಯಲ್ಲಿ ಅದನ್ನು ಕಾಣಲಿಲ್ಲ.

ಅವಳ ತಂದೆಯನ್ನು ಕರೆಸಿ ಮಾತನಾಡಿದೆ. ಅವರು ಸುಮ್ಮನೆ ಕುಳಿತವರಾಗಿರಲಿಲ್ಲ. ಆಗಲೇ ಒಂದು ಚಿಕಿತ್ಸಾಲಯಕ್ಕೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಒಂದು ಚೀಟಿ ಕೊಟ್ಟಿದ್ದರು. ಮುಂದಿನ ಆರು ಹಲ್ಲುಗಳನ್ನೂ ಉಜ್ಜಿ, ಮೇಲೆ ಪಿಂಗಾಣಿಯ ತೆಳು ಹೊದಿಕೆ ಹಾಕಬೇಕು ಎಂದು ಅದರಲ್ಲಿತ್ತು. ಇದನ್ನು ವಿನೀರ್ ಎನ್ನುತ್ತಾರೆ. ಕೆಳಗೆ ಬರೆದ ಮೊತ್ತ ನೋಡಿ ಆ ತಂದೆ ಹೆಂಡತಿಯ ಓಲೆಯನ್ನು ಅಡವಿಡಲು ತಯಾರಾಗಿದ್ದರು. ನನ್ನನ್ನು ಅವರು ಕೇಳಿದ ಪ್ರಶ್ನೆ ಇಷ್ಟೇ: "ಮೇಡಂ, ನಮ್ಮೂರ ಹತ್ತಿರದ ಸಾದಾ ಡಾಕ್ಟರ ಹತ್ರ ಹೋದ್ರೆ ಆಗುತ್ತಾ, ಇಲ್ಲಾ ಕಾಸ್ಮೆಟಿಕ್ ಡಾಕ್ಟರೇ ಬೇಕಾ? ಹೆಣ್ಣು ಮಗು, ಮುಂದಿನ ಹಲ್ಲು."

ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಒಂದು ವಾರ ತಡೆಯಿರಿ ಎಂದೆ. ಆ ವಾರದಲ್ಲೂ ನಂತರವೂ ಬಲ್ಲ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡಿದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಇದೇ ಪ್ರಶ್ನೆ ಕೇಳುವ ತಂದೆ ತಾಯಿಗಳು ಇನ್ನೂ ಅನೇಕರಿದ್ದಾರೆ.

ಮೊದಲನೆಯದಾಗಿ, ಫಲಕದ ಮೇಲಿನ ಮಾತುಗಳ ಅರ್ಥ ತಿಳಿಯೋಣ. ನಮ್ಮ ದೇಶದಲ್ಲಿ ದಂತವೈದ್ಯರಾಗಲು ಬಿ.ಡಿ.ಎಸ್. ಪದವಿ ಬೇಕು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹಲ್ಲಿನ ಭರ್ತಿ, ಮುಂಭಾಗದ ಹಲ್ಲಿನದೂ ಸೇರಿ, ಈ ಪದವಿಯ ಪಾಠದಲ್ಲೇ ಇದೆ. ಅದರ ಮೇಲೆ ಮೂರು ವರ್ಷ ಓದಿದರೆ ಎಂ.ಡಿ.ಎಸ್. ಇದರಲ್ಲಿ ಒಂಬತ್ತು ವಿಭಾಗಗಳಿವೆ. ಕೃತಕ ಹಲ್ಲು ಕಟ್ಟುವುದು, ವಸಡಿನ ರೋಗ, ಬಾಯಿಯ ಶಸ್ತ್ರಚಿಕಿತ್ಸೆ, ಭರ್ತಿ ಮತ್ತು ಬೇರುನಾಳ ಚಿಕಿತ್ಸೆ, ವಕ್ರದಂತ ಸರಿಪಡಿಸುವುದು, ಮಕ್ಕಳ ಹಲ್ಲು, ಬಾಯಿಯ ರೋಗಲಕ್ಷಣ ಶಾಸ್ತ್ರ, ಸಾರ್ವಜನಿಕ ದಂತ ಆರೋಗ್ಯ, ಬಾಯಿಯ ಔಷಧ ಮತ್ತು ಎಕ್ಸ್‌ರೇ ಶಾಸ್ತ್ರ. ಈ ಒಂಬತ್ತರಲ್ಲಿ "ಕಾಸ್ಮೆಟಿಕ್" ಎಂಬ ವಿಭಾಗ ಇಲ್ಲ.

ಇದನ್ನು ಕೇಳಿ ನನಗೇ ಆಶ್ಚರ್ಯವಾಯಿತು. "ಕಾಸ್ಮೆಟಿಕ್ ದಂತವೈದ್ಯ" ಎಂಬುದು ಮಾನ್ಯತೆ ಪಡೆದ ಪ್ರತ್ಯೇಕ ಸ್ನಾತಕೋತ್ತರ ವಿಭಾಗವಲ್ಲ. ಬಿ.ಡಿ.ಎಸ್. ಮುಗಿಸಿದವರೂ ಆ ಕೆಲಸ ಮಾಡಬಹುದು, ಎಂ.ಡಿ.ಎಸ್. ಮಾಡಿದವರೂ ಮಾಡಬಹುದು. ಕೆಲವರು ಕೆಲವು ದಿನಗಳ ಅಥವಾ ತಿಂಗಳುಗಳ ತರಬೇತಿ ಪಡೆದು ಪ್ರಮಾಣಪತ್ರ ಹಾಕಿಕೊಂಡಿರುತ್ತಾರೆ. ಆ ತರಬೇತಿ ಒಳ್ಳೆಯದೇ ಇರಬಹುದು. ಅವರಲ್ಲಿ ಬಹಳ ನುರಿತ ಕೈಗಳೂ ಇವೆ. ಆದರೆ ಆ ಪದ ಒಂದರಿಂದಲೇ ಕೆಲಸ ಚೆನ್ನಾಗಿರುತ್ತದೆ ಎಂದು ತಿಳಿಯಬೇಡಿ. ಮುಂಭಾಗದ ಹಲ್ಲಿನ ಭರ್ತಿಗೆ ತಜ್ಞರೇ ಬೇಕೆನಿಸಿದರೆ ನೀವು ಹುಡುಕಬೇಕಾದುದು "ಎಂ.ಡಿ.ಎಸ್., ಕನ್ಸರ್ವೇಟಿವ್ ಡೆಂಟಿಸ್ಟ್ರಿ ಮತ್ತು ಎಂಡೋಡಾಂಟಿಕ್ಸ್" ಎಂಬ ಸಾಲನ್ನು. ಹದಿನಾಲ್ಕು ವರ್ಷದೊಳಗಿನ ಮಗುವಾದರೆ ಮಕ್ಕಳ ದಂತ ತಜ್ಞರೂ ಆಗುತ್ತಾರೆ.

ಎರಡನೆಯದಾಗಿ, ಯಾರ ಬಳಿ ಎಂದು ಕೇಳುವ ಮೊದಲು ಹಲ್ಲಿಗೆ ಏನಾಗಿದೆ ಎಂದು ಕೇಳಬೇಕು. ಮುಂಭಾಗದ ಹಲ್ಲಿನ ತೊಂದರೆ ಸಾಮಾನ್ಯವಾಗಿ ನಾಲ್ಕು ಬಗೆ: ಹುಳುಕು, ಮುರಿತ, ಕಲೆ ಮತ್ತು ಸಂದು. ಎರಡು ಹಲ್ಲುಗಳ ನಡುವೆ ಸಣ್ಣ ಹುಳುಕು ಇದ್ದರೆ, ಮೂಲೆ ಸ್ವಲ್ಪ ಚಿಪ್ಪೆದ್ದಿದ್ದರೆ, ನಿಮ್ಮ ಊರಿನ ಬಿ.ಡಿ.ಎಸ್. ವೈದ್ಯರು ಸಾಕು. ಇದು ಅವರ ನಿತ್ಯದ ಕೆಲಸ. ಹಲ್ಲು ಅರ್ಧಕ್ಕಿಂತ ಹೆಚ್ಚು ಮುರಿದಿದ್ದರೆ, ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಕಂಡರೆ, ಹಲ್ಲು ಬೂದು ಬಣ್ಣಕ್ಕೆ ತಿರುಗಿದ್ದರೆ, ಒಳಗಿನ ನರಕ್ಕೆ ಪೆಟ್ಟಾಗಿರಬಹುದು. ಆಗ ಎಕ್ಸ್‌ರೇ ಬೇಕು, ಬಹುಶಃ ಬೇರುನಾಳ ಚಿಕಿತ್ಸೆಯೂ ಬೇಕು. ಅಂಥದ್ದಕ್ಕೆ ನಾನು ಹೇಳಿದ ಎಂ.ಡಿ.ಎಸ್. ತಜ್ಞರನ್ನು ಕಾಣುವುದು ಒಳ್ಳೆಯದು. ಸಂದು ದೊಡ್ಡದಿದ್ದರೆ ಭರ್ತಿಗಿಂತ ಮೊದಲು ವಕ್ರದಂತ ತಜ್ಞರನ್ನು ಕೇಳಿ.

ಇನ್ನು ಕಲೆ. ಇದು ನಮ್ಮ ಜಿಲ್ಲೆಯ ಹಳೆಯ ದುಃಖ. ನಮ್ಮ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂ ತನಕ. ಹಲ್ಲಿನ ಹೊರಕವಚವಾದ ಎನಾಮೆಲ್ ವಸಡಿನ ಒಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದ ತನಕ, ಇದಕ್ಕಿಂತ ಹೆಚ್ಚು ಫ್ಲೋರೈಡ್ ದೇಹಕ್ಕೆ ಸೇರಿದರೆ ಬರುವ ಹಲ್ಲು ಸುಣ್ಣದಂತೆ ಮಾಸಲಾಗಿಯೋ ಕಂದು ಗೆರೆಗಳೊಂದಿಗೋ ಬರುತ್ತದೆ. ಇದೇ ದಂತ ಫ್ಲೋರೋಸಿಸ್. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಈ ರೋಗ ಇರುವುದನ್ನು 1937ರಲ್ಲಿ ಶಾರ್ಟ್ ಎಂಬ ವೈದ್ಯ ವಿಜ್ಞಾನಿ ಮತ್ತು ಸಂಗಡಿಗರು ವರದಿ ಮಾಡಿದರು. ಆಗ ನಮ್ಮ ಬಳ್ಳಾರಿಯೂ ಅದೇ ಪ್ರೆಸಿಡೆನ್ಸಿಯಲ್ಲಿತ್ತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕೇಂದ್ರ ಸರ್ಕಾರ ಫ್ಲೋರೋಸಿಸ್ ತಡೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ್ದು 2008-09ರಲ್ಲಿ.

ತಾಯಂದಿರೇ, ಈ ಕಲೆ ನಿಮ್ಮ ಮಗು ಹಲ್ಲುಜ್ಜದ್ದರಿಂದ ಬಂದದ್ದಲ್ಲ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಎನಾಮೆಲ್ ಸವೆಯುತ್ತದೆ, ಕಲೆ ಉಳಿಯುತ್ತದೆ. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ನೀರನ್ನು ಪರೀಕ್ಷೆ ಮಾಡಿಸಿ, ನದಿ ಅಥವಾ ಕಾಲುವೆ ಮೂಲದ ಶುದ್ಧೀಕರಿಸಿದ ನೀರನ್ನೋ ಶುದ್ಧ ನೀರಿನ ಘಟಕದ ನೀರನ್ನೋ ಕುಡಿಸಿ. ಈಗಾಗಲೇ ಬಂದ ಕಲೆಗೆ ಉಪಾಯವಿದೆ. ತೆಳುವಾದ ಕಲೆಯನ್ನು ಔಷಧದಿಂದ ಮೇಲ್ಪದರದಷ್ಟೇ ಉಜ್ಜಿ ತೆಗೆಯಬಹುದು. ಸ್ವಲ್ಪ ಆಳವಾದದ್ದಕ್ಕೆ ಬ್ಲೀಚಿಂಗ್, ಮತ್ತೂ ಆಳವಾದದ್ದಕ್ಕೆ ಹಲ್ಲಿನ ಬಣ್ಣದ ಭರ್ತಿ ಪದಾರ್ಥದ ತೆಳು ಲೇಪ. ವಿನೀರ್ ಕೊನೆಯ ಮೆಟ್ಟಿಲು, ಮೊದಲನೆಯದಲ್ಲ.

ಅದರಲ್ಲೂ ಬೆಳೆಯುವ ಮಕ್ಕಳಿಗೆ ಅವಸರ ಬೇಡ. ಹದಿಮೂರು ಹದಿನಾಲ್ಕು ವಯಸ್ಸಿನಲ್ಲಿ ಹಲ್ಲಿನ ಒಳಗಿನ ನರದ ಕೋಣೆ ದೊಡ್ಡದಿರುತ್ತದೆ, ವಸಡು ಇನ್ನೂ ತನ್ನ ಜಾಗಕ್ಕೆ ಬಂದು ನಿಂತಿರುವುದಿಲ್ಲ. ಆಗ ಹಲ್ಲನ್ನು ಉಜ್ಜಿದರೆ ನರಕ್ಕೆ ಅಪಾಯ. ಒಮ್ಮೆ ಉಜ್ಜಿದ ಎನಾಮೆಲ್ ಉಗುರಿನಂತೆ ಮತ್ತೆ ಬೆಳೆಯುವುದಿಲ್ಲ. ಆ ಹೊದಿಕೆಯನ್ನು ಜೀವನದುದ್ದಕ್ಕೂ ಬದಲಾಯಿಸುತ್ತಲೇ ಇರಬೇಕು. ಓಲೆ ಅಡವಿಟ್ಟರೆ ಬಿಡಿಸಿಕೊಳ್ಳಬಹುದು, ಎನಾಮೆಲನ್ನು ಬಿಡಿಸಿಕೊಳ್ಳಲಾಗದು.

ಮೂರನೆಯದಾಗಿ, ಒಳ್ಳೆಯ ಕೈಯನ್ನು ಗುರುತಿಸುವುದು ಹೇಗೆ? ಮುಂಭಾಗದ ಹಲ್ಲಿಗೆ ಇಂದು ಹಾಕುವುದು ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ಪದಾರ್ಥ. ಹಲ್ಲಿನ ಮೇಲೆ ಮೃದು ಆಮ್ಲ ಸವರಿ ಕಣ್ಣಿಗೆ ಕಾಣದಷ್ಟು ಒರಟು ಮಾಡಿ, ಅಂಟು ಹಚ್ಚಿ, ಪದಾರ್ಥವನ್ನು ಪದರ ಪದರವಾಗಿ ಇಟ್ಟು, ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಆಮ್ಲ ಸವರುವ ಈ ವಿಧಾನವನ್ನು ಅಮೆರಿಕದ ಬೊನೊಕೋರ್ ಎಂಬುವರು 1955ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ದೊಡ್ಡ ಯಂತ್ರ ಬೇಡ, ತಾಳ್ಮೆ ಬೇಕು. ನೀವು ಗಮನಿಸಬೇಕಾದ ನಾಲ್ಕು ಸಂಗತಿಗಳಿವೆ.

ಒಂದು, ವೈದ್ಯರು ಬಣ್ಣವನ್ನು ಯಾವಾಗ ಹೊಂದಿಸುತ್ತಾರೆ? ಕೆಲಸ ಶುರುವಾಗುವ ಮೊದಲೇ, ಹಲ್ಲು ಒದ್ದೆಯಾಗಿರುವಾಗ, ಸಾಧ್ಯವಾದರೆ ಹಗಲು ಬೆಳಕಿನಲ್ಲಿ ಹೊಂದಿಸಬೇಕು. ಒಣಗಿದ ಹಲ್ಲು ಇರುವುದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಆಗ ಬಣ್ಣ ನೋಡಿದರೆ ಮರುದಿನ ಭರ್ತಿ ಸುಣ್ಣದ ಚುಕ್ಕೆಯಂತೆ ಎದ್ದು ಕಾಣುತ್ತದೆ. ಎರಡು, ಭರ್ತಿ ಮಾಡುವಾಗ ಹಲ್ಲನ್ನು ಎಂಜಲಿನಿಂದ ಪೂರ್ಣ ಒಣಗಿಸಿ ಇಡುತ್ತಾರೆಯೇ? ಹತ್ತಿ ಇಟ್ಟು ಅಥವಾ ರಬ್ಬರ್ ಹಾಳೆ ಹಾಕಿ ಇದನ್ನು ಮಾಡುತ್ತಾರೆ. ಒದ್ದೆ ಹಲ್ಲಿಗೆ ಅಂಟು ಹಿಡಿಯುವುದಿಲ್ಲ. ಮೂರು, ಕೊನೆಯಲ್ಲಿ ನಯ ಮಾಡಲು ಸಮಯ ಕೊಡುತ್ತಾರೆಯೇ? ಒರಟು ಭರ್ತಿ ಚಹಾದ ಬಣ್ಣ ಹೀರುತ್ತದೆ. ನಾಲ್ಕು, ತಾವು ಹಿಂದೆ ಮಾಡಿದ ಇಂಥದ್ದೇ ಕೆಲಸದ ಚಿತ್ರ ತೋರಿಸುತ್ತಾರೆಯೇ? ಅಥವಾ ಎರಡು ವರ್ಷದ ಹಿಂದೆ ಭರ್ತಿ ಮಾಡಿಸಿಕೊಂಡ ನಿಮ್ಮ ನೆರೆಯವರ ಹಲ್ಲನ್ನು ನೀವೇ ನೋಡಿ. ಬ್ಲೀಚಿಂಗ್ ಮಾಡಿಸುವ ಯೋಚನೆ ಇದ್ದರೆ ಮೊದಲೇ ಹೇಳಿ. ಬ್ಲೀಚಿಂಗ್ ಮೊದಲು, ಸುಮಾರು ಎರಡು ವಾರದ ನಂತರ ಭರ್ತಿ. ಏಕೆಂದರೆ ಭರ್ತಿಯ ಬಣ್ಣ ಬ್ಲೀಚಿಂಗ್‌ನಿಂದ ಬದಲಾಗದು.

ಈ ನಾಲ್ಕನ್ನು ಮಾಡುವವರು ಸಿರುಗುಪ್ಪದ ಸಣ್ಣ ಚಿಕಿತ್ಸಾಲಯದಲ್ಲಿರಲಿ, ಬಳ್ಳಾರಿಯ ಎ.ಸಿ. ಕೋಣೆಯಲ್ಲಿರಲಿ, ಅವರೇ ನಿಮ್ಮ ವೈದ್ಯರು. ಕೇಳಲು ಸಂಕೋಚಪಡಬೇಡಿ. ಒಂದೇ ಒಂದು ಹಲ್ಲಿಗೆಂದು ಹೋದಾಗ ಆರು ಹಲ್ಲಿನ ಲೆಕ್ಕ ಕೊಟ್ಟರೆ, "ಉಳಿದ ಐದು ಏಕೆ? ಏನೂ ಮಾಡದಿದ್ದರೆ ಏನಾಗುತ್ತದೆ?" ಎಂದು ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ದೊಡ್ಡ ಖರ್ಚಿನ ಮಾತು ಬಂದರೆ ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು.

ನಾಲ್ಕನೆಯದಾಗಿ, ಹಣದ ಮಾತು. ಬಳ್ಳಾರಿ ನಗರದಲ್ಲೇ ಸರ್ಕಾರಿ ದಂತವೈದ್ಯಕೀಯ ಕಾಲೇಜು ಇದೆ. ಬಿ.ಡಿ.ಎಸ್. ಕಲಿಸುವ ಪ್ರತಿ ಕಾಲೇಜಿನಲ್ಲೂ ಭರ್ತಿ ಮತ್ತು ಬೇರುನಾಳ ಚಿಕಿತ್ಸೆಯ ವಿಭಾಗ ಇರಲೇಬೇಕು. ಅಲ್ಲಿ ಅಧ್ಯಾಪಕರ ಕಣ್ಣಿನ ಕೆಳಗೆ ವಿದ್ಯಾರ್ಥಿಗಳೂ ಯುವ ವೈದ್ಯರೂ ಕೆಲಸ ಮಾಡುತ್ತಾರೆ. ಸರದಿ ಕಾಯಬೇಕು, ಎರಡು ಮೂರು ಸಲ ಬರಬೇಕು, ಆದರೆ ಖರ್ಚು ಖಾಸಗಿಯ ಹತ್ತಿರಕ್ಕೂ ಬಾರದು. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿಲೋಮೀಟರ್, ಕುರುಗೋಡಿನಿಂದ ಸುಮಾರು 30. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಖರ್ಚಾಗುವುದು ಒಂದು ದಿನದ ಕೂಲಿ. ಬಡವರಿಗೆ ಅದೂ ದೊಡ್ಡದೇ. ಅದಕ್ಕಾಗಿ ಮೊದಲು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ತೋರಿಸಿ. ಅಲ್ಲಿ ಆಗದಿದ್ದರೆ ಮಾತ್ರ ನಗರಕ್ಕೆ ಹೋಗಿ.

ಹಣ ಉಳಿಸಲು ಹೋಗಿ ಒಂದು ಕಡೆ ಮಾತ್ರ ಹೋಗಬೇಡಿ. ಪದವಿ ಇಲ್ಲದೆ "ಫಿಕ್ಸ್ ಹಲ್ಲು" ಕೂರಿಸುವವರ ಬಳಿಗೆ. ಮುರಿದ ಹಲ್ಲಿನ ಮೇಲೆ ಪ್ಲಾಸ್ಟಿಕ್ ಹಿಟ್ಟು ಮೆತ್ತಿ, ಪಕ್ಕದ ಒಳ್ಳೆಯ ಹಲ್ಲಿಗೆ ತಂತಿ ಸುತ್ತಿ ಕಳಿಸುತ್ತಾರೆ. ಅದರ ಕೆಳಗೆ ಆಹಾರ ಕೊಳೆತು ಪಕ್ಕದ ಹಲ್ಲುಗಳೂ ಹೋಗುತ್ತವೆ. ನೋಂದಣಿ ಇಲ್ಲದೆ ದಂತ ಚಿಕಿತ್ಸೆ ಮಾಡುವುದು 1948ರ ದಂತವೈದ್ಯರ ಕಾಯ್ದೆಯಿಂದಲೇ ಅಪರಾಧವಾಗಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಪ್ರಕಾರ ಖಾಸಗಿ ಚಿಕಿತ್ಸಾಲಯಗಳೂ ನೋಂದಣಿ ಮಾಡಿಸಬೇಕು. ಗೋಡೆಯ ಮೇಲೆ ನೋಂದಣಿ ಸಂಖ್ಯೆ ನೋಡಿ, ಕಾಣದಿದ್ದರೆ ಕೇಳಿ. ನೀಮ್ ಹಕೀಮ್ ಖತ್ರಾ-ಎ-ಜಾನ್ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ವಿದ್ಯಾರ್ಥಿಗಳಿಗೂ ನನ್ನ ಶಿಕ್ಷಕ ಬಂಧುಗಳಿಗೂ ಒಂದು ಮುಖ್ಯ ಮಾತು. ಆಟದ ಮೈದಾನದಲ್ಲಿ ಬಿದ್ದು ಹಲ್ಲು ಮುರಿದರೆ ಆ ತುಂಡನ್ನು ಹುಡುಕಿ, ಹಾಲಿನಲ್ಲಿ ಅಥವಾ ನೀರಿನಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ. ಅನೇಕ ಸಲ ಅದೇ ತುಂಡನ್ನು ಅಂಟಿಸಬಹುದು. ಅದಕ್ಕಿಂತ ಚೆನ್ನಾಗಿ ಬಣ್ಣ ಹೊಂದುವ ಭರ್ತಿ ಇಲ್ಲ. ಶಾಶ್ವತ ಹಲ್ಲು ಬೇರುಸಹಿತ ಪೂರ್ತಿ ಕಿತ್ತು ಬಂದರೆ ಅದನ್ನು ಬೇರಿನ ಕಡೆ ಮುಟ್ಟದೆ ಬಿಳಿ ಭಾಗ ಹಿಡಿದು ಎತ್ತಿ. ಮಣ್ಣಾಗಿದ್ದರೆ ಕೆಲವೇ ಕ್ಷಣ ನೀರಿನಲ್ಲಿ ತೊಳೆಯಿರಿ, ಉಜ್ಜಬೇಡಿ. ಸಾಧ್ಯವಾದರೆ ಅದೇ ಜಾಗದಲ್ಲಿ ಕೂರಿಸಿ, ಮೆತ್ತನೆಯ ಬಟ್ಟೆ ಕಚ್ಚಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ದಂತವೈದ್ಯರನ್ನು ಮುಟ್ಟಿದರೆ ಹಲ್ಲು ಉಳಿಯುವ ಸಾಧ್ಯತೆ ಹೆಚ್ಚು. ಆ ಹೊತ್ತಿನಲ್ಲಿ ಸಾದಾ ಯಾರು, ಕಾಸ್ಮೆಟಿಕ್ ಯಾರು ಎಂದು ಯೋಚಿಸಬೇಡಿ. ಹತ್ತಿರ ಯಾರಿದ್ದಾರೋ ಅವರೇ. ಹಾಲುಹಲ್ಲು ಬಿದ್ದರೆ ಮಾತ್ರ ಅದನ್ನು ಮತ್ತೆ ಕೂರಿಸಬಾರದು.

ಭರ್ತಿಯಾದ ಮೇಲೂ ನಿಮ್ಮ ಕೆಲಸ ಮುಗಿಯದು. ಮುಂಭಾಗದ ಭರ್ತಿ ಚೆನ್ನಾಗಿ ನೋಡಿಕೊಂಡರೆ ಐದರಿಂದ ಹತ್ತು ವರ್ಷ ಬರಬಹುದು. ಗುಟ್ಕಾ, ಎಲೆ ಅಡಿಕೆ ಅದರ ಬಣ್ಣವನ್ನೂ ನಿಮ್ಮ ಬಾಯಿಯ ಆರೋಗ್ಯವನ್ನೂ ಕೆಡಿಸುತ್ತವೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಹೊಲಿಗೆ ಯಂತ್ರದ ಮುಂದೆ ಕುಳಿತ ಅಕ್ಕಂದಿರು ದಾರವನ್ನು ಹಲ್ಲಿನಿಂದ ಕಡಿಯುವುದನ್ನು ನಾನು ನೋಡಿದ್ದೇನೆ. ವರ್ಷಗಟ್ಟಲೆ ಹೀಗೆ ಮಾಡಿದರೆ ಮುಂಭಾಗದ ಹಲ್ಲಿನ ಅಂಚಿನಲ್ಲಿ ಗರಗಸದಂತೆ ಕಚ್ಚು ಬೀಳುತ್ತದೆ, ಭರ್ತಿ ಚಿಪ್ಪೇಳುತ್ತದೆ. ಒಂದು ಸಣ್ಣ ಕತ್ತರಿಯನ್ನು ಯಂತ್ರಕ್ಕೆ ಕಟ್ಟಿಡಿ. ಕಬ್ಬು, ಗಟ್ಟಿ ಪೇರಲೆ, ಬಾಟಲಿಯ ಮುಚ್ಚಳ, ಇವನ್ನು ಮುಂಭಾಗದ ಹಲ್ಲಿನಿಂದ ಬಿಡಿಸಬೇಡಿ. ರಂಜಾನ್ ತಿಂಗಳಲ್ಲಿ ತುರ್ತಲ್ಲದ ಭರ್ತಿಯನ್ನು ಇಫ್ತಾರ್ ನಂತರಕ್ಕೋ ಈದ್ ನಂತರಕ್ಕೋ ಇಟ್ಟುಕೊಳ್ಳಬಹುದು. ನೋವು, ಬಾವು ಇದ್ದರೆ ಮಾತ್ರ ಮುಂದೂಡಬೇಡಿ.

ಇನ್ನು ಆ ಹುಡುಗಿಯ ಮಾತು. ಅವಳ ತಂದೆ ಓಲೆ ಅಡವಿಡಲಿಲ್ಲ. ಬಳ್ಳಾರಿಗೆ ಕರೆದುಕೊಂಡು ಬಂದರು. ಪರೀಕ್ಷಿಸಿದ ವೈದ್ಯರು ಎಕ್ಸ್‌ರೇ ತೆಗೆದು, ನರ ಬದುಕಿದೆ, ಮುರಿದ ಒಂದು ಹಲ್ಲಿಗೆ ಭರ್ತಿ ಸಾಕು ಎಂದರು. ಉಳಿದ ಹಲ್ಲುಗಳ ಕಂದು ಗೆರೆಗಳನ್ನು ಎರಡು ಭೇಟಿಯಲ್ಲಿ ಸ್ವಲ್ಪ ತಿಳಿ ಮಾಡಿದರು. ಪೂರ್ತಿ ಹೋಗಿಲ್ಲ. ದೊಡ್ಡವಳಾದ ಮೇಲೆ ಬೇಕೆನಿಸಿದರೆ ಅವಳೇ ತೀರ್ಮಾನಿಸಲಿ ಎಂದು ಬಿಟ್ಟಿದ್ದಾರೆ.

ಮುಂದಿನ ವಾರ ಅವಳು ತರಗತಿಯಲ್ಲಿ ಎದ್ದು ನಿಂತು ಓದಿದಳು. ಇದನ್ನು ನಾನು ಪವಾಡವೆಂದು ಹೇಳಲಾರೆ. ಓದಿನಲ್ಲಿ ತಪ್ಪುಗಳು ಇನ್ನೂ ಇವೆ. ಆದರೆ ಈಗ ಆ ತಪ್ಪುಗಳು ನನಗೆ ಕೇಳಿಸುತ್ತವೆ. ಕೇಳಿಸಿದರೆ ತಿದ್ದಬಹುದು, ಅದು ನನ್ನ ಕೆಲಸ. ಅವಳನ್ನು ಎಲ್ಲರ ಮುಂದೆ ಗದರಿಸಿದ್ದಕ್ಕೆ ಎಲ್ಲರ ಮುಂದೆಯೇ ಕ್ಷಮೆ ಕೇಳಿದೆ.

ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ನಾವು ಪ್ರತಿ ವರ್ಷ ಮಕ್ಕಳಿಗೆ ಪುಸ್ತಕ, ಸಮವಸ್ತ್ರ ಕೊಡುತ್ತೇವೆ. ವರ್ಷಕ್ಕೊಮ್ಮೆ ಒಬ್ಬ ದಂತವೈದ್ಯರನ್ನೂ ಶಾಲೆಗೆ ಕರೆಸೋಣ. ಶಿಕ್ಷಕರಲ್ಲೂ ಒಂದು ವಿನಂತಿ. ಓದಲು ಹಿಂಜರಿಯುವ ಮಗುವನ್ನು ಗದರಿಸುವ ಮೊದಲು ಒಮ್ಮೆ ಅದರ ಬಾಯಿಯನ್ನು ನೋಡಿ. ಮತ್ತು ವಿದ್ಯಾರ್ಥಿಗಳೇ, ನಿಮ್ಮ ಗೆಳೆಯ ಗೆಳತಿಯರ ಹಲ್ಲನ್ನು ನೋಡಿ ನಗಬೇಡಿ. ಅವರು ಬಾಯಿ ಮುಚ್ಚಿಕೊಳ್ಳಲು ಮುರಿದ ಹಲ್ಲಿಗಿಂತ ಹೆಚ್ಚಾಗಿ ನಮ್ಮ ನಗುವೇ ಕಾರಣ.